ದಿನಕ್ಕೆ ಹತ್ತು ಪದ: ಕಿಟ್ಟೆಲ್ ಕಲಿಸಿದ ಸಮಾಧಾನ

ಕಳೆದ ಸೆಮಿಸ್ಟರ್‌ನಲ್ಲಿ ಗಣಿತ ಎರಡನೇ ಸಲವೂ ಕೈಕೊಟ್ಟಿತು. ಫಲಿತಾಂಶ ನೋಡಿ ಬನಹಟ್ಟಿಯ ಮನೆಗೆ ಬಂದವನು ಯಾರ ಜೊತೆಗೂ ಮಾತಾಡದೆ ಮೂಲೆ ಹಿಡಿದು ಕುಳಿತೆ. ಒಳಗೆ ಅಪ್ಪನ ಪವರ್‌ಲೂಮ್ ಖಟಖಟ ಓಡುತ್ತಿತ್ತು, ಅವ್ವ ಕಂಡಿಕೆ ಸುತ್ತುತ್ತಿದ್ದಳು. ನಮ್ಮ ಓಣಿಯಲ್ಲಿ ಬಿಇ ಮುಗಿಸಿದ ಅಣ್ಣನೊಬ್ಬ ಎರಡು ವರ್ಷ ಬೆಂಗಳೂರಿನಲ್ಲಿ ಅಲೆದು ಕೆಲಸ ಸಿಗದೆ ಊರಿಗೆ ಮರಳಿದ್ದಾನೆ. ಪಾಸಾದವರ ಗತಿಯೇ ಹೀಗಾದರೆ ನನ್ನದೇನು ಎಂಬ ಚಿಂತೆಯಲ್ಲಿ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಮನಸ್ಸು ತಡೆಯದೆ ಜಮಖಂಡಿಗೆ ಹೋಗಿ ಗ್ರಂಥಾಲಯದಲ್ಲಿ ಕುಳಿತೆ. ಸುತ್ತ ಪಿಎಸ್‌ಐ, ಕೆಎಎಸ್, ಶಿಕ್ಷಕರ ನೇಮಕಾತಿಗೆ ಓದುವವರೇ ತುಂಬಿದ್ದರು. ನನ್ನ ಪಕ್ಕದ ಕಪಾಟಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕವಿತ್ತು. ಅದು ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಹೆಸರು ಶಾಲೆಯಲ್ಲಿ ಓದಿದ್ದೆ, ಪುಸ್ತಕ ಮುಟ್ಟಿರಲಿಲ್ಲ. ಸುಮ್ಮನೆ ತೆರೆದೆ, ಆಮೇಲೆ ಅದನ್ನು ಮಾಡಿದ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ವಿಚಿತ್ರವೆಂದರೆ ಅದೇ 1832ರಲ್ಲಿ ವಿಲಿಯಂ ರೀವ್ ಎಂಬ ಇನ್ನೊಬ್ಬ ಮಿಷನರಿಯ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಆ ಕೆಲಸವನ್ನು ಮುಂದೆ ಎಷ್ಟೋ ಪಟ್ಟು ದೊಡ್ಡದು ಮಾಡಬೇಕಾದ ಮಗು ಆಗಷ್ಟೇ ಸಮುದ್ರದಾಚೆ ಕಣ್ಣು ಬಿಟ್ಟಿತ್ತು.

ಹದಿನೆಂಟರ ಆಸುಪಾಸಿನಲ್ಲಿ ಕಿಟ್ಟೆಲ್ ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್ ಸೇರಿದರು. ದೇವರ ಮೇಲಿನ ಭಕ್ತಿ ಭಾನುವಾರದ ಪ್ರಾರ್ಥನೆಯಲ್ಲಿ ಮಾತ್ರವಲ್ಲ, ವಾರದ ಆರು ದಿನದ ದುಡಿಮೆಯಲ್ಲೂ ಕಾಣಬೇಕು ಎನ್ನುವುದು ಆ ಮಿಷನ್‌ನವರ ನಂಬಿಕೆ. ಅದಕ್ಕೇ ಅವರು ಹೋದಲ್ಲೆಲ್ಲ ಚರ್ಚಿನ ಜೊತೆಗೆ ಶಾಲೆ, ಅಚ್ಚುಕೂಟ, ಮಗ್ಗಗಳೂ ಬಂದವು. ಮಂಗಳೂರಿನ ಅಚ್ಚುಕೂಟ 1841ರದ್ದು. ಇಂದು ಮನೆಮಾತಾಗಿರುವ ಮಂಗಳೂರು ಹೆಂಚು 1865ರಲ್ಲಿ ಅವರ ಕಾರ್ಖಾನೆಯಲ್ಲೇ ತಯಾರಾಗತೊಡಗಿತು. ನಮ್ಮ ಬೀಳಗಿಯಿಂದ ದೂರವಿಲ್ಲದ ಗುಳೇದಗುಡ್ಡದ ನೇಕಾರರ ನಡುವೆಯೂ ಅವರ ಕೇಂದ್ರವಿತ್ತು. ಇದನ್ನು ಓದಿದಾಗ ನಮ್ಮ ಜಿಲ್ಲೆಯ ಕೂಡಲಸಂಗಮವೂ ಶರಣರ ಕಾಯಕವೂ ನೆನಪಾದವು. ದಾರಿ ಬೇರೆ, ದೇವರನ್ನು ಕರೆಯುವ ಹೆಸರು ಬೇರೆ, ಆದರೆ ದುಡಿಮೆಗೆ ಕೊಟ್ಟ ಬೆಲೆ ಒಂದೇ.

1853ರಲ್ಲಿ, ನನಗಿಂತ ಒಂದೇ ವರ್ಷ ದೊಡ್ಡವರಾಗಿದ್ದಾಗ, ಕಿಟ್ಟೆಲ್ ಭಾರತಕ್ಕೆ ಬಂದರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಊರಿಗೆ ಒಂದು ಪತ್ರ ತಲುಪಲೂ ಬಹಳ ದಿನ ಕಾಯಬೇಕಿತ್ತು. ಅವರು ಬಂದದ್ದು ಯೇಸುವಿನ ಸುವಾರ್ತೆ ಸಾರಲು, ಜನರನ್ನು ತಮ್ಮ ಧರ್ಮಕ್ಕೆ ಕರೆಯಲು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಜನರ ಜೊತೆ ಮಾತಾಡಬೇಕಾದರೆ ಜನರ ಮಾತು ಬರಬೇಕು. ಧಾರವಾಡದಲ್ಲಿ, ಆಮೇಲೆ ಮಂಗಳೂರಿನಲ್ಲಿ, ಮಡಿಕೇರಿಯಲ್ಲಿ ಅವರು ಕನ್ನಡ ಕಲಿತ ರೀತಿ ಪರದೇಶಿಯೊಬ್ಬ ವ್ಯವಹಾರಕ್ಕೆ ನಾಲ್ಕು ಮಾತು ಕಲಿಯುವಂಥದ್ದಲ್ಲ. ಹಳ್ಳಿಗಳಿಗೆ ನಡೆದರು, ಪಂಡಿತರ ಬಳಿ ಕುಳಿತು ಹಳಗನ್ನಡ ಓದಿದರು. 1862ರಲ್ಲಿ ಯೇಸುವಿನ ಜೀವನವನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯವಾಗಿ ಬರೆದರು. ತಮ್ಮ ನಂಬಿಕೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಬೇಕೆಂಬ ಆಸೆ ಅವರದು.

ಇದೇ ಪ್ರೀತಿ ಅವರಿಗೆ ತೊಂದರೆಯನ್ನೂ ತಂದಿತು. ಸುವಾರ್ತೆ ಸಾರಲು ಬಂದವನು ಶೈವ, ಜೈನ ಕಾವ್ಯಗಳಲ್ಲಿ ಮುಳುಗಿದ್ದು ಜೊತೆಯ ಮಿಷನರಿಗಳೆಲ್ಲರಿಗೂ ಹಿಡಿಸಲಿಲ್ಲ. ಮನೆಯಲ್ಲೂ ದುಃಖ ಕಾದಿತ್ತು. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲಿನ್ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಅವರು ಮದುವೆಯಾದರು.

ಇಂಥ ಹೊತ್ತಿನಲ್ಲಿ ನಾವಾಗಿದ್ದರೆ ಎಲ್ಲ ಬಿಟ್ಟು ಊರಿಗೆ ಹೋಗಿಬಿಡುತ್ತಿದ್ದೆವೋ ಏನೋ. ಕಿಟ್ಟೆಲ್ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಒಂದು ನಮ್ಮ ವ್ಯಾಕರಣದ ಮೂಲಗ್ರಂಥ, ಇನ್ನೊಂದು ಛಂದಸ್ಸಿನದು. ಇದೇ ವರ್ಷಗಳಲ್ಲಿ ನಿಘಂಟಿನ ಕೆಲಸವೂ ಹೆಗಲೇರಿತು.

ನಿಘಂಟು ಎಂದರೆ ಪದದ ಮುಂದೆ ಅರ್ಥ ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲ. ಪ್ರತಿ ಪದವೂ ಯಾವ ಕಾವ್ಯದಲ್ಲಿ ಬಂದಿದೆ ಎಂದು ಹುಡುಕಬೇಕು. ಅದು ಅಚ್ಚಗನ್ನಡವೋ, ಸಂಸ್ಕೃತದಿಂದ ಬಂದದ್ದೋ, ತದ್ಭವವೋ ನೋಡಬೇಕು. ತಮಿಳು, ತೆಲುಗು, ತುಳು, ಮಲಯಾಳದಲ್ಲಿ ಅದರ ಬಂಧುಗಳಿವೆಯೇ ಎಂದು ಕೇಳಬೇಕು. ಓಲೆಗರಿಯ ಪದವನ್ನೂ ಸಂತೆಯ ಪದವನ್ನೂ ಒಂದೇ ಗೌರವದಿಂದ ಬರೆದುಕೊಳ್ಳಬೇಕು. ಗಾದೆಗಳೂ ಆ ನಿಘಂಟಿನೊಳಗಿವೆ. ಕಂಪ್ಯೂಟರ್ ಇಲ್ಲ, ಟೈಪಿಂಗ್ ಇಲ್ಲ, ಎಲ್ಲವೂ ಕೈಬರಹ. ಸ್ಥಳೀಯ ಪಂಡಿತರು ಅವರ ಜೊತೆ ದುಡಿದರು.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಸುಖವಾಗಿ ಅಲ್ಲೇ ಇರಬಹುದಿತ್ತು. ಆದರೆ ಕನ್ನಡದ ಪದಗಳನ್ನು ಕನ್ನಡದ ಜನರ ನಡುವೆಯೇ ಪರೀಕ್ಷಿಸಬೇಕಿತ್ತು. 1883ರಲ್ಲಿ, 51ನೇ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಒಬ್ಬರೇ ಮತ್ತೆ ಬಂದರು. ಸುಮಾರು ಒಂಬತ್ತು ವರ್ಷ ಇಲ್ಲೇ ಇದ್ದು ಕೆಲಸ ಮುಗಿಸಿದರು. ಈ ಭಾಗ ಓದುವಾಗ ನನಗೆ ಮೆಚ್ಚುಗೆಯ ಜೊತೆ ಸಂಕಟವೂ ಆಯಿತು. ಆ ಮಕ್ಕಳು ಅಪ್ಪನಿಲ್ಲದೆ ಬೆಳೆದರಲ್ಲ! ದೊಡ್ಡ ಕೆಲಸದ ಬೆಲೆಯನ್ನು ಮಾಡಿದವರಷ್ಟೇ ಅಲ್ಲ, ಮನೆಯವರೂ ತೆರುತ್ತಾರೆ.

1894ರಲ್ಲಿ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಎಂಜಿನಿಯರಿಂಗ್ ಓದುವ ಚಟ, ಅಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತು ವರ್ಷ ಎಂದಿಟ್ಟುಕೊಂಡರೆ 7,300 ದಿನ. ಭಾಗಿಸಿದರೆ ದಿನಕ್ಕೆ ಹತ್ತು ಪದವೂ ಆಗುವುದಿಲ್ಲ! ನಾನು ಬೆರಗಾದದ್ದು 70,000 ಎಂಬ ದೊಡ್ಡ ಸಂಖ್ಯೆಗಲ್ಲ, ಹತ್ತು ಎಂಬ ಸಣ್ಣ ಸಂಖ್ಯೆಗೆ. ಹತ್ತು ಪದ ಯಾರಾದರೂ ಮಾಡಬಹುದು. ಆದರೆ ಜ್ವರ ಬಂದ ದಿನ, ಮನೆ ನೆನಪಾದ ದಿನ, ನಿನ್ನ ಕೆಲಸ ವ್ಯರ್ಥ ಎಂದು ಯಾರೋ ಹೇಳಿದ ದಿನವೂ ಕುಳಿತು ಮಾಡುವುದು ಸುಲಭವಲ್ಲ.

ಆ ಬಲ ಅವರಿಗೆ ಬಂದದ್ದು ನಂಬಿಕೆಯಿಂದ ಎಂದು ನನಗೆ ಅನಿಸುತ್ತದೆ. ಕೆಲಸವನ್ನು ದೇವರಿಗೆ ಒಪ್ಪಿಸಿದವನಿಗೆ ಇವತ್ತಿನ ಪಾಲು ಮುಗಿಸಿದರೆ ರಾತ್ರಿ ನಿದ್ದೆ ಬರುತ್ತದೆ. ಫಲ ಯಾವಾಗ, ಹೊಗಳಿಕೆ ಯಾರಿಂದ ಎಂಬ ಲೆಕ್ಕ ಅವನ ತಲೆ ಮೇಲೆ ಕೂರುವುದಿಲ್ಲ. ಶಾಂತಿ ಎಂದರೆ ಕೆಲಸದಿಂದ ಓಡಿಹೋಗುವುದು ಎಂದು ನಾನು ತಿಳಿದಿದ್ದೆ. ಕಿಟ್ಟೆಲ್ ಬದುಕಿನಲ್ಲಿ ಶಾಂತಿ ಮೇಜಿನ ಮುಂದೆಯೇ ಕುಳಿತಿತ್ತು.

ಗೌರವಗಳು ತಡವಾಗಿ ಬಂದವು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆಗಲೂ ಅವರು ಸುಮ್ಮನೆ ಕೂರಲಿಲ್ಲ. ಕನ್ನಡದ ದೊಡ್ಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ಕಣ್ಣು ಮುಚ್ಚಿದರು.

ಅವರು ಕರೆದ ಧರ್ಮಕ್ಕೆ ಎಷ್ಟು ಜನ ಹೋದರೋ ಬಿಟ್ಟರೋ, ಅವರು ಕೂಡಿಸಿಟ್ಟ ಪದಗಳು ಎಲ್ಲ ಧರ್ಮದ ಕನ್ನಡಿಗರ ಆಸ್ತಿಯಾದವು. ಮುಧೋಳದ ನೆಲದ ಕವಿ ರನ್ನನ ಕಾವ್ಯ ಓದುವವರೂ ಅರ್ಥ ತಿಳಿಯದಾಗ ಕಿಟ್ಟೆಲ್ ಕೋಶ ತೆಗೆಯುತ್ತಾರೆ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದ್ರಾಸ್ ವಿಶ್ವವಿದ್ಯಾಲಯ ಪ್ರಕಟಿಸಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇವೆ.

ನಮ್ಮ ಮನೆಯವರು ಕಾಡಸಿದ್ಧೇಶ್ವರನಿಗೆ ಕೈಮುಗಿಯುವವರು. ನಾನು ಚರ್ಚಿನೊಳಗೆ ಹೋದದ್ದು ಒಂದೆರಡು ಸಲ, ಅದೂ ಗೆಳೆಯನ ಜೊತೆ ಕ್ರಿಸ್‌ಮಸ್‌ಗೆ. ಆದರೂ ಕಿಟ್ಟೆಲ್ ನನಗೆ ದೂರದವರಾಗಿ ಕಾಣಲಿಲ್ಲ. ಅಪ್ಪನೂ ಸೀರೆಯನ್ನು ಒಮ್ಮೆಲೇ ನೇಯುವುದಿಲ್ಲ. ಎಳೆ ಹರಿದರೆ ಬೈಯುತ್ತಾ ಕೂರುವುದಿಲ್ಲ, ಗಂಟು ಹಾಕಿ ಮುಂದೆ ಓಡಿಸುತ್ತಾನೆ. ಇಷ್ಟು ವರ್ಷ ಆ ಸದ್ದು ಕೇಳಿಯೂ ನನಗೆ ಇದು ತಿಳಿದಿರಲಿಲ್ಲ.

ಈಗ ಬೆಳಿಗ್ಗೆ ಬೇಗ ಎದ್ದು ದಿನಕ್ಕೆ ಹತ್ತೇ ಲೆಕ್ಕ ಬಿಡಿಸುತ್ತೇನೆ. ಹನ್ನೊಂದನೆಯದಕ್ಕೆ ಕೈ ಹಾಕುವುದಿಲ್ಲ, ಹತ್ತನೆಯದನ್ನು ಬಿಡುವುದೂ ಇಲ್ಲ. ಪರೀಕ್ಷೆ ಬರೆದಾಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ರಾತ್ರಿ ನಿದ್ದೆ ಮಾತ್ರ ಬರುತ್ತಿದೆ. ಗೆಳೆಯರೇ, ಅರ್ಜಿ ಹಾಕಿ ಕಾಯುತ್ತಿರುವ ನಿಮ್ಮ ಪಾಲಿಗೂ ಇವತ್ತಿನ ಹತ್ತು ಏನಾದರೂ ಇರಬೇಕು. ಅದನ್ನು ಹುಡುಕಿಕೊಳ್ಳಿ.

– ಬಿಇ ವಿದ್ಯಾರ್ಥಿ, ರಬಕವಿ-ಬನಹಟ್ಟಿ