ಬರ್ಕ್ಲೀ ಅಯ್ಯನವರು

ಮೈಲ್ಸ್ ಜೋಸೆಫ್ ಬರ್ಕ್ಲೀ ಅಯ್ಯನವರು 1803ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಸೀಮೆಯಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಕಲಿತು, 1833ರಿಂದ ಅದೇ ಸೀಮೆಯ ಎರಡು ಚಿಕ್ಕ ಗ್ರಾಮಗಳ ಸಭೆಗಳನ್ನು ಪಾಲಿಸುತ್ತಿದ್ದರು. ಆದಾಯವು ಅಲ್ಪ, ಮಕ್ಕಳು ಬಹಳ. ಆದದರಿಂದ ಹುಡುಗರಿಗೆ ಪಾಠ ಹೇಳಿ ಸಂಸಾರವನ್ನು ಸಾಗಿಸಿದರು. ಬಿಡುವಿನಲ್ಲಿ ಅವರು ಪರೀಕ್ಷಿಸುತ್ತಿದ್ದದ್ದು ಯಾರೂ ಲಕ್ಷಿಸದ ಅಣಬೆಗಳನ್ನೂ ಬೂಷ್ಟುಗಳನ್ನೂ.

1845ರಲ್ಲಿ ಬಟಾಟೆಯ ಎಲೆಗಳು ಕಪ್ಪಾಗಿ ಗೆಡ್ಡೆಗಳು ಕೊಳೆತುಹೋದವು. ಐರ್ಲೆಂಡಿನ ಬಡವರಿಗೆ ಅದೇ ಅನ್ನವಾಗಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಜ್ವರಗಳಿಂದಲೂ ಸತ್ತರು. ಇದು ದೇವರ ಶಿಕ್ಷೆಯೆಂದು ಕೆಲವರು ಹೇಳಿದರು. ಲಿಂಡ್ಲಿ ಮೊದಲಾದ ಪಂಡಿತರು, ಅತಿವೃಷ್ಟಿಯಿಂದ ಗಿಡ ಕೊಳೆಯಿತು, ಬೂಷ್ಟು ಆಮೇಲೆ ಬಂತು ಎಂದರು. ಅಯ್ಯನವರಾದರೋ ಸೂಕ್ಷ್ಮದರ್ಶಕದಲ್ಲಿ ನೋಡಿ, ಬೂಷ್ಟೇ ಮೊದಲು, ಕೊಳೆಯುವಿಕೆಯು ಅನಂತರ ಎಂದು 1846ರಲ್ಲಿ ಬರೆದರು. ಬೋಧಕನಾದವನು ಶಿಕ್ಷೆಯೆಂದು ಹೇಳಿ ಸುಮ್ಮನಾಗದೆ ಎಲೆಯ ಅಡಿಯನ್ನು ತಿರುವಿ ನೋಡಿದ್ದು ನನಗೆ ದೊಡ್ಡದಾಗಿ ತೋರುತ್ತದೆ. ಆಗ ಬಹುಮಂದಿ ನಂಬಲಿಲ್ಲ. 1861ರಲ್ಲಿ ಜರ್ಮನಿಯ ಡಿ ಬಾರಿ ಎಂಬವರು ಅದರ ಬೀಜಕಣಗಳನ್ನು ಆರೋಗ್ಯವುಳ್ಳ ಗಿಡಕ್ಕೆ ಸೋಂಕಿಸಿ ರೋಗವನ್ನು ಬರಿಸಿ ತೋರಿಸಿದರು. ಈಗಿನವರು ಅದನ್ನು ನಿಜವಾದ ಬೂಷ್ಟುಗಳಿಂದ ಬೇರೆಯಾಗಿ ಎಣಿಸುತ್ತಾರೆ. ನಮ್ಮ ಅಡಿಕೆಯ ಕೊಳೆರೋಗವೂ ಅದೇ ಕುಲದ್ದು.

ಅಯ್ಯನವರು ತಾವು ಕೂಡಿಸಿದ ಸುಮಾರು 10,000 ಜಾತಿಗಳ ಸಂಗ್ರಹವನ್ನು 1879ರಲ್ಲಿ ಕ್ಯೂ ತೋಟಕ್ಕೆ ಕೊಟ್ಟುಬಿಟ್ಟರು. 1889ರಲ್ಲಿ ಸಿಬರ್‌ಟಾಫ್ಟ್ ಎಂಬ ಹಳ್ಳಿಯಲ್ಲಿ ಕರ್ತನಲ್ಲಿ ನಿದ್ರೆಹೋದರು.