ಅನಾಥ ಮಕ್ಕಳಿಗೆ ಪೀಟೀಲು ಕಲಿಸಿದ ಕೆಂಗೂದಲಿನ ಗುರು

ಕ್ರಿಸ್ಮಸ್ ಕಾಲ ಬಂತೆಂದರೆ ಜಗತ್ತಿನ ಎಷ್ಟೋ ದೇವಾಲಯಗಳಲ್ಲಿ ಗಾನವೃಂದದವರು ಲತೀನ್ ಭಾಷೆಯ ಮಹಿಮಾಗೀತೆಯೊಂದನ್ನು ಪೀಟೀಲು, ತುತ್ತೂರಿಗಳೊಡನೆ ಸಂಭ್ರಮದಿಂದ ಹಾಡುತ್ತಾರೆ. ಅದಕ್ಕೆ ಸ್ವರ ಸಂಯೋಜಿಸಿದವರು ಒಬ್ಬ ಕಥೋಲಿಕ ಗುರು, ವೆನಿಸ್ ನಗರದ ಆಂಟೋನಿಯೊ ವಿವಾಲ್ಡಿ. ಅವರು ಅದನ್ನು ಬರೆದದ್ದು ತಂದೆತಾಯಿ ಯಾರೆಂದೇ ತಿಳಿಯದ ಹೆಣ್ಣುಮಕ್ಕಳಿಗಾಗಿ.

ವಿವಾಲ್ಡಿ ಹುಟ್ಟಿದ್ದು 1678ರ ಮಾರ್ಚ್ 4ರಂದು. ಮಗು ಬದುಕುವುದೇ ಸಂದೇಹವೆಂದು ಸೂಲಗಿತ್ತಿಯೇ ಅಂದು ಮನೆಯಲ್ಲಿ ಜ್ಞಾನಸ್ನಾನ ಕೊಟ್ಟಳು. ಉಳಿದ ವಿಧಿಗಳು ದೇವಾಲಯದಲ್ಲಿ ನಡೆದದ್ದು ಎರಡು ತಿಂಗಳ ನಂತರ. ತಂದೆ ಜೊವಾನ್ನಿ ಬತ್ತಿಸ್ತಾ ಮೊದಲು ಕ್ಷೌರಿಕನಾಗಿದ್ದು, ಬಳಿಕ ಸಂತ ಮಾರ್ಕರ ಮಹಾದೇವಾಲಯದಲ್ಲಿ ಪೀಟೀಲು ನುಡಿಸುವವರಾದರು. ಮಗನ ಕೈಗೂ ಅವರೇ ಪೀಟೀಲು ಕೊಟ್ಟರು. ಹುಡುಗ ಹದಿನೈದನೆಯ ವಯಸ್ಸಿನಲ್ಲಿ ಗುರುಪಟ್ಟದ ದಾರಿ ಹಿಡಿದು, 1703ರ ಮಾರ್ಚ್ 23ರಂದು ಯಾಜಕದೀಕ್ಷೆ ಪಡೆದ. ತಲೆಗೂದಲು ಕೆಂಪಗಿದ್ದುದರಿಂದ ಊರಿನವರು ಅವರನ್ನು ಕೆಂಪು ಪಾದ್ರಿ ಎಂದೇ ಕರೆದರು.

ಹುಟ್ಟಿನಿಂದಲೂ ಅವರಿಗೆ ಎದೆ ಬಿಗಿಯುವ ಕಾಯಿಲೆ. ಉಸಿರು ಕಟ್ಟಿ ಪೀಠದಿಂದ ಇಳಿದು ಬರಬೇಕಾದ ಸಂದರ್ಭಗಳೂ ಬಂದವು. ದೀಕ್ಷೆ ಪಡೆದು ಹೆಚ್ಚು ಕಾಲವಾಗುವ ಮೊದಲೇ ಅವರು ಬಲಿಪೂಜೆ ಅರ್ಪಿಸುವುದನ್ನು ನಿಲ್ಲಿಸಿದರು. ಗುರುವಾಗಿದ್ದೂ ಪೂಜೆ ಮಾಡದವರು ಎಂಬ ಮಾತು ಅವರನ್ನು ಜೀವನವಿಡೀ ಬೆನ್ನಟ್ಟಿತು.

ಅದೇ 1703ರಲ್ಲಿ ಪಿಯೆತಾ ಎಂಬ ಅನಾಥಾಲಯದಲ್ಲಿ ಅವರಿಗೆ ಪೀಟೀಲು ಕಲಿಸುವ ಕೆಲಸ ಸಿಕ್ಕಿತು. ಅಲ್ಲಿನ ಗೋಡೆಯಲ್ಲೊಂದು ಗೂಡು. ಸಾಕಲಾರದ ತಾಯಂದಿರು ಹಸುಗೂಸುಗಳನ್ನು ಅದರಲ್ಲಿ ಇಟ್ಟು ಹೋಗುತ್ತಿದ್ದರು. ಗಂಡುಮಕ್ಕಳು ಬೆಳೆದು ಏನಾದರೊಂದು ಕಸುಬು ಹಿಡಿದು ಹೊರಡುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಸ್ವರಜ್ಞಾನ ಇದ್ದವರನ್ನು ಆರಿಸಿ ಸಂಗೀತ ಕಲಿಸಲಾಗುತ್ತಿತ್ತು. ಹಾಡುವವರೂ ಅವರೇ, ವಾದ್ಯ ನುಡಿಸುವವರೂ ಅವರೇ. ಪುಟ್ಟವರಿಗೆ ಕಲಿಸುವವರೂ ಅವರಲ್ಲೇ ಹಿರಿಯರು. ದೇವಾಲಯದ ಮೇಲಂತಸ್ತಿನಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ನಿಂತು ಅವರು ನುಡಿಸುತ್ತಿದ್ದರು. ಮುಖ ಕಾಣದ ಆ ಸಂಗೀತ ಕೇಳಲು ದೂರದೇಶಗಳ ಪ್ರಯಾಣಿಕರೂ ಬರುತ್ತಿದ್ದರು. ಅವರು ಕೊಟ್ಟ ಕಾಣಿಕೆ ಅನಾಥಾಲಯಕ್ಕೆ ಸೇರುತ್ತಿತ್ತು.

ವಿವಾಲ್ಡಿ ಈ ಮಕ್ಕಳಿಗಾಗಿ ಬರೆದದ್ದು ಬಹುಪಾಲು ಕನ್ಸರ್ಟೊಗಳು. ಕನ್ಸರ್ಟೊ ಎಂದರೆ ಒಬ್ಬರು ಮುಂದೆ ನಿಂತು ಮುಖ್ಯ ವಾದ್ಯ ನುಡಿಸುವುದು, ಉಳಿದ ವೃಂದ ಅದಕ್ಕೆ ಜೊತೆಯಾಗುವುದು. ಯಾವ ಹುಡುಗಿಗೆ ಯಾವ ವಾದ್ಯ ಒಲಿದಿದೆಯೋ ಅದಕ್ಕೆ ತಕ್ಕಂತೆ ಬರೆಯುವುದು ಅವರ ಕ್ರಮ. ಹೀಗೆ ಮುಂದೆ ಬಂದವಳು ಆನ್ನ ಮರಿಯ. ಶಿಶುವಾಗಿದ್ದಾಗ ಪಿಯೆತಾಕ್ಕೆ ಸೇರಿದವಳು. ಮನೆತನದ ಹೆಸರಿಲ್ಲದ ಅವಳನ್ನು ಜನ ಪೀಟೀಲಿನ ಆನ್ನ ಮರಿಯ ಎಂದು ಗುರುತಿಸಿದರು. ಪೀಟೀಲಲ್ಲದೆ ಇನ್ನೂ ಹಲವು ವಾದ್ಯಗಳು ಅವಳಿಗೆ ಬರುತ್ತಿದ್ದವು. ಗುರು ಅವಳಿಗೆಂದೇ ಅನೇಕ ಕನ್ಸರ್ಟೊ ಬರೆದರು. ಮುಂದೆ ಅವಳೂ ಅಲ್ಲೇ ಶಿಕ್ಷಕಿಯಾಗಿ, 1782ರಲ್ಲಿ ಅಲ್ಲೇ ಕಣ್ಮುಚ್ಚಿದಳು.

1716ರಲ್ಲಿ ವೆನಿಸ್ ತುರ್ಕರೊಡನೆ ಯುದ್ಧದಲ್ಲಿತ್ತು. ಆ ವರ್ಷ ವಿವಾಲ್ಡಿ ಬೈಬಲ್ಲಿನ ಯೂದಿತಳ ಕಥೆಯನ್ನು ಸಂಗೀತಕ್ಕೆ ಅಳವಡಿಸಿದರು. ಸೇನಾಪತಿಯಿಂದ ಹಿಡಿದು ಎಲ್ಲ ಗಂಡು ಪಾತ್ರಗಳನ್ನೂ ಪಿಯೆತಾದ ಹುಡುಗಿಯರೇ ಹಾಡಿದರು. ಅದೇ ಸಮಯಕ್ಕೆ ಜರ್ಮನಿಯ ಡ್ರೆಸ್ಡೆನ್ ಅರಮನೆಯ ಪೀಟೀಲುಗಾರ ಪಿಸೆಂಡೆಲ್ ಅತಿಥಿಯಾಗಿ ವೆನಿಸ್‌ಗೆ ಬಂದು ವಿವಾಲ್ಡಿಯವರ ಶಿಷ್ಯರೂ ಸ್ನೇಹಿತರೂ ಆದರು. ಅವರು ಪ್ರತಿ ಮಾಡಿಕೊಂಡು ಹೋದ ಕೃತಿಗಳಿಂದ ಜರ್ಮನಿಯಲ್ಲಿ ವಿವಾಲ್ಡಿ ಹೆಸರು ಹರಡಿತು. ಮಹಾ ಸಂಗೀತಗಾರ ಬಾಖ್ ಕೂಡ ವಿವಾಲ್ಡಿಯವರ ಹಲವು ಕನ್ಸರ್ಟೊಗಳನ್ನು ತಮ್ಮ ವಾದ್ಯಕ್ಕೆ ಹೊಂದಿಸಿ ಬರೆದುಕೊಂಡರು.

ಪಿಯೆತಾದ ಆಡಳಿತ ಮಂಡಳಿ ಶಿಕ್ಷಕರನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಮತ ಹಾಕಿ ತೀರ್ಮಾನಿಸುತ್ತಿತ್ತು. 1709ರಲ್ಲಿ ಸಾಕಷ್ಟು ಮತ ಬೀಳದೆ ವಿವಾಲ್ಡಿ ಕೆಲಸ ಕಳೆದುಕೊಂಡರು. 1711ರಲ್ಲಿ ಅದೇ ಮಂಡಳಿ ಅವರನ್ನು ಮತ್ತೆ ಕರೆಯಿತು. 1723ರಿಂದ ತಿಂಗಳಿಗೆ ಎರಡು ಕನ್ಸರ್ಟೊ ಕೊಡಬೇಕೆಂದು ಒಪ್ಪಂದವಾಯಿತು. ಪರ ಊರಿನಲ್ಲಿದ್ದರೂ ಅಂಚೆಯಲ್ಲಿ ಕಳುಹಿಸಬಹುದಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 140 ಕನ್ಸರ್ಟೊಗಳಿಗೆ ಪಿಯೆತಾ ಹಣ ಕೊಟ್ಟ ಲೆಕ್ಕವಿದೆ. ಇಂದು ಜಗತ್ತಿಗೆಲ್ಲ ಗೊತ್ತಿರುವ ‘ನಾಲ್ಕು ಋತುಗಳು’ 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು.

ಇಷ್ಟೆಲ್ಲ ಕೀರ್ತಿಯ ನಡುವೆ ಕಹಿಯೂ ಇತ್ತು. ಅವರು ನಾಟಕಶಾಲೆಗಳಿಗೆ ಗೀತನಾಟಕ ಬರೆದು ಹಣದ ವ್ಯವಹಾರಕ್ಕೂ ಇಳಿದಿದ್ದರು. ಆನ್ನ ಜಿರೊ ಎಂಬ ಗಾಯಕಿಯೊಡನೆ ಅವರಿಗಿದ್ದ ಒಡನಾಟದ ಬಗ್ಗೆ ಜನ ಆಡಿಕೊಂಡರು. ಅದು ಸಂಗೀತಕ್ಕೆ ಸೀಮಿತವಾದ ಸ್ನೇಹವೆಂದು ಅವರು ಕೊನೆಯವರೆಗೂ ಹೇಳಿದರು. 1737ರಲ್ಲಿ ಫೆರಾರ ನಗರದ ಕಾರ್ಡಿನಲ್ ರುಫೊ ಅವರು ಈ ಕಾರಣಕ್ಕೂ ಬಲಿಪೂಜೆ ಅರ್ಪಿಸುವುದಿಲ್ಲವೆಂಬ ಕಾರಣಕ್ಕೂ ವಿವಾಲ್ಡಿ ತಮ್ಮ ಊರಿಗೆ ಬರಕೂಡದೆಂದು ತಡೆದರು. ಅಲ್ಲಿ ಗೀತನಾಟಕ ಆಡಿಸಲು ಮಾಡಿಕೊಂಡಿದ್ದ ಏರ್ಪಾಟೆಲ್ಲ ಕೆಟ್ಟಿತು. ವೆನಿಸ್‌ನ ಜನರ ಅಭಿರುಚಿಯೂ ಆ ಹೊತ್ತಿಗೆ ಬದಲಾಗಿತ್ತು.

1740ರಲ್ಲಿ ವಿವಾಲ್ಡಿ ಊರು ಬಿಟ್ಟರು. ಅವರನ್ನು ಮೆಚ್ಚಿದ್ದ ಚಕ್ರವರ್ತಿ ಆರನೆಯ ಚಾರ್ಲ್ಸ್ ಇದ್ದದ್ದು ವಿಯೆನ್ನಾದಲ್ಲಿ. ಆದರೆ ಆ ವರ್ಷದ ಅಕ್ಟೋಬರಿನಲ್ಲೇ ಚಕ್ರವರ್ತಿ ತೀರಿಕೊಂಡರು. ಆಸರೆಯಿಲ್ಲದ ಊರಿನಲ್ಲಿ, ಕುದುರೆ ಜೀನು ಮಾಡುವವನೊಬ್ಬನ ವಿಧವೆಯ ಮನೆಯಲ್ಲಿ, 1741ರ ಜುಲೈ 28ರಂದು ವಿವಾಲ್ಡಿ ಪ್ರಾಣ ಬಿಟ್ಟರು. ಆಸ್ಪತ್ರೆಯೊಂದಕ್ಕೆ ಸೇರಿದ ಸ್ಮಶಾನದಲ್ಲಿ, ಅಲ್ಪ ಖರ್ಚಿನಲ್ಲಿ ಮಣ್ಣು ಮಾಡಿದರು. ಇಂದು ಆ ಸಮಾಧಿಯೂ ಉಳಿದಿಲ್ಲ.

ನಂತರ ಸುಮಾರು ಇನ್ನೂರು ವರ್ಷ ಅವರನ್ನು ಲೋಕ ಮರೆತಿತ್ತು. 1926ರಲ್ಲಿ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಒಂದು ಸಲೇಸಿಯನ್ ಶಾಲೆಯವರು, ಕಟ್ಟಡ ರಿಪೇರಿಗೆ ಹಣ ಬೇಕೆಂದು ತಮ್ಮಲ್ಲಿದ್ದ ಹಳೆಯ ಸಂಗೀತದ ಹಸ್ತಪ್ರತಿಗಳನ್ನು ಮಾರಲು ಹೊರಟರು. ಟ್ಯೂರಿನ್ ವಿಶ್ವವಿದ್ಯಾಲಯದ ಆಲ್ಬರ್ತೊ ಜೆಂತಿಲಿ ಪರೀಕ್ಷಿಸಿದಾಗ ಅವುಗಳಲ್ಲಿ ವಿವಾಲ್ಡಿಯವರ ಕೈಬರಹದ ರಾಶಿಯೇ ಇತ್ತು. ಕೊಳ್ಳಲು ಗ್ರಂಥಾಲಯದ ಬಳಿ ಹಣವಿರಲಿಲ್ಲ. ಎಳೆಯ ಮಗ ಮೌರೊನನ್ನು ಕಳೆದುಕೊಂಡಿದ್ದ ರೊಬೆರ್ತೊ ಫೊವಾ ಎಂಬವರು ಆ ಮಗುವಿನ ನೆನಪಿಗೆ ಅದನ್ನು ಕೊಂಡುಕೊಟ್ಟರು. ಉಳಿದರ್ಧ ಜೆನೊವಾದ ಒಂದು ಮನೆತನದಲ್ಲಿ ಸಿಕ್ಕಿತು. ಅದನ್ನು 1930ರಲ್ಲಿ ಕೊಡಿಸಿದ ಫಿಲಿಪ್ಪೊ ಜೊರ್ದಾನೊ ಅವರೂ ಮಗನನ್ನು ಕಳೆದುಕೊಂಡ ತಂದೆಯೇ. ಇಂದಿಗೂ ಟ್ಯೂರಿನ್ ಗ್ರಂಥಾಲಯದಲ್ಲಿ ಆ ಸಂಪುಟಗಳ ಮೇಲೆ ಮೌರೊ ಫೊವಾ, ರೆಂಜೊ ಜೊರ್ದಾನೊ ಎಂಬ ಇಬ್ಬರು ಮಕ್ಕಳ ಹೆಸರಿದೆ. ಮಹಿಮಾಗೀತೆ 1939ರಲ್ಲಿ ಸಿಯೆನಾ ನಗರದಲ್ಲಿ ಮತ್ತೆ ಕೇಳಿಬಂತು.

ಹೆತ್ತವರಿಲ್ಲದ ಮಕ್ಕಳಿಗಾಗಿ ಬರೆದ ಸಂಗೀತ, ಮಕ್ಕಳನ್ನು ಕಳೆದುಕೊಂಡ ಹೆತ್ತವರ ಕೈಯಿಂದ ನಮಗೆ ಮರಳಿತು. ಪೀಠದ ಬಳಿ ನಿಲ್ಲಲು ಉಸಿರು ಸಾಲದ ಆ ಗುರುವಿನ ಮಹಿಮಾಗೀತೆ ಈಗ ಎಷ್ಟೋ ದೇಶಗಳ ದೇವಾಲಯಗಳಲ್ಲಿ ಪೀಠದ ಮುಂದೆಯೇ ಕೇಳಿಬರುತ್ತದೆ. ನಮ್ಮ ಧರ್ಮಕೇಂದ್ರದ ಗಾನವೃಂದದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ಮಗುವಿನ ಕಡೆಗೂ ಒಮ್ಮೆ ಕಿವಿಗೊಡೋಣ.