ಸರ್ಕಾರದ ವಕೀಲರಾಗಿದ್ದ ಕೆ. ಎಸ್. ಹೆಗ್ಡೆ

ಚೆನ್ನೈನ ಹೈಕೋರ್ಟ್ ಆವರಣದ ಕೆಂಪು ಕಟ್ಟಡಗಳನ್ನು ಹಾದುಹೋಗುವಾಗ ಕನ್ನಡಿಗರಾದ ನಾವು ಕೌಡೂರು ಸದಾನಂದ ಹೆಗ್ಡೆಯವರನ್ನು ನೆನೆಯಬೇಕು. 1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದ ಅವರು ಮಂಗಳೂರಿನಲ್ಲಿ ಕಲಿತ ಬಳಿಕ ಈ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕಾನೂನು ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ದಕ್ಷಿಣ ಕನ್ನಡ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು.

1947ರಿಂದ 1951ರವರೆಗೆ ಹೆಗ್ಡೆಯವರು ಸರ್ಕಾರಿ ವಕೀಲರೂ ಪಬ್ಲಿಕ್ ಪ್ರಾಸಿಕ್ಯೂಟರರೂ ಆಗಿದ್ದರು. ಸಿವಿಲ್ ದಾವೆಗಳಲ್ಲಿ ಸರ್ಕಾರವನ್ನು ಸಮರ್ಥಿಸುವುದು, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅದರ ಪರ ವಾದಿಸುವುದು, ಎರಡೂ ಅವರ ಹೊಣೆ. ಸರ್ಕಾರವೇ ಕಕ್ಷಿದಾರನಾದಾಗ ವಕೀಲನು ಅದರ ಬಲವನ್ನೂ ದೌರ್ಬಲ್ಯವನ್ನೂ ಹತ್ತಿರದಿಂದ ಕಾಣುತ್ತಾನೆ. ಆ ಅನುಭವ ಮುಂದೆ ಅವರ ನೆರವಿಗೆ ಬಂದಿರಬೇಕೆಂದು ನಮ್ಮ ಊಹೆ.

1952ರಲ್ಲಿ ರಾಜ್ಯಸಭೆ, 1957ರಲ್ಲಿ ಮೈಸೂರು ಹೈಕೋರ್ಟ್, 1967ರಲ್ಲಿ ಸುಪ್ರೀಂ ಕೋರ್ಟ್. 1970ರ ಬ್ಯಾಂಕ್ ರಾಷ್ಟ್ರೀಕರಣದ ಮೊಕದ್ದಮೆಯನ್ನು ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರು ಮರೆಯಲಾರೆವು. ಸರ್ಕಾರದ ಕಾಯ್ದೆ ಅಸಿಂಧುವೆಂದ ಹತ್ತು ನ್ಯಾಯಮೂರ್ತಿಗಳಲ್ಲಿ ಹೆಗ್ಡೆಯವರೊಬ್ಬರು. ಭಿನ್ನಮತ ತಾಳಿದವರು ಎ. ಎನ್. ರೇ ಒಬ್ಬರೇ.

1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದೆಂದು ಏಳು ಮಂದಿ ತೀರ್ಪಿತ್ತರು. ಆರು ಮಂದಿ ಒಪ್ಪಲಿಲ್ಲ. ಏಳರಲ್ಲಿ ಹೆಗ್ಡೆಯವರಿದ್ದರು. ಮರುದಿನವೇ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರ ಹಿರಿತನವನ್ನು ಕಡೆಗಣಿಸಿ, ರೇ ಅವರೇ ಮುಂದಿನ ಮುಖ್ಯ ನ್ಯಾಯಮೂರ್ತಿಯೆಂದು ಸರ್ಕಾರ ಪ್ರಕಟಿಸಿತು. ನಿವೃತ್ತಿಗೆ ವರ್ಷಕ್ಕೂ ಮಿಕ್ಕಿ ಕಾಲವಿದ್ದರೂ ಹೆಗ್ಡೆಯವರು ರಾಜೀನಾಮೆಯಿತ್ತು ಹೊರನಡೆದರು.

1977ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಅದೇ ವರ್ಷ ಸಭಾಧ್ಯಕ್ಷರಾದರು. 1990ರಲ್ಲಿ ನಿಧನರಾದರು.